ಪ್ರತಿಕ್ರಿಯೆ: ಕೆಂಪು ಮಾತ್ರೆಯಿಂದ ವಾಕರಿಕೆ, ಕಪ್ಪು ಮಲ

ಐದನೇ ತಿಂಗಳ ಗರ್ಭಿಣಿಯಾದ ನೀವು, ಕಬ್ಬಿಣದ ಕೆಂಪು ಮಾತ್ರೆಯಿಂದ ವಾಕರಿಕೆಯಾಗುತ್ತಿದೆ, ಮಲ ಕಪ್ಪಾಗಿದೆ, ಕಳೆದ ವಾರ ಕೆಲವು ಮಾತ್ರೆ ಬಿಟ್ಟುಹೋಗಿವೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಿಮ್ಮ ವಾಕರಿಕೆಗೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಮಾತ್ರೆ ನುಂಗುತ್ತಿರುವುದೇ ಬಹುಶಃ ಕಾರಣ; ಗರ್ಭಾವಸ್ಥೆಯದೇ ವಾಕರಿಕೆಯೂ ಅದರೊಡನೆ ಸೇರಿರಬಹುದು. ಮಲ ಕಪ್ಪಾಗಿರುವುದು ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಆದ್ದರಿಂದ ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಈ ಮಾತ್ರೆಯಿಂದ ಮಗು ಕಪ್ಪಾಗುತ್ತದೆ ಎಂಬ ನಿಮ್ಮ ಅತ್ತೆಯವರ ಮಾತಿಗೂ ಆಧಾರವಿಲ್ಲ.

ಇಂದಿನಿಂದಲೇ ಮಾತ್ರೆಯನ್ನು ರಾತ್ರಿ ಊಟವಾದ ಒಂದು ಗಂಟೆಯ ಬಳಿಕ, ಅರ್ಧ ಹೋಳು ನಿಂಬೆ ಹಿಂಡಿದ ನೀರಿನೊಂದಿಗೆ ನುಂಗಿರಿ. ಕಳೆದ ವಾರ ಬಿಟ್ಟುಹೋದವನ್ನು ಸರಿದೂಗಿಸಲು ಒಮ್ಮೆಗೇ ಎರಡು ನುಂಗಬೇಡಿ. ಕಾಫಿ, ಚಹಾ ಮತ್ತು ಹಾಲು ಕಬ್ಬಿಣದ ಹೀರಿಕೆಯನ್ನು ತಗ್ಗಿಸುವುದರಿಂದ, ಮಲಗುವ ಮುನ್ನ ಹಾಲು ಕುಡಿಯುವ ರೂಢಿಯಿದ್ದರೆ ಅದನ್ನು ಸಂಜೆಗೆ ಬದಲಿಸಿ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕನಿಷ್ಠ 2 ಗಂಟೆಯ ಅಂತರವಿರಲಿ. ಮಲಬದ್ಧತೆಗೆ ನೀರು, ಸೊಪ್ಪು, ಸೀಬೆಹಣ್ಣು ಸಾಕಾಗಬಹುದು.

ಹತ್ತು ದಿನಗಳಲ್ಲಿ ವಾಕರಿಕೆ ತಗ್ಗದಿದ್ದರೆ ಮಾತ್ರೆ ಬಿಡುವ ಬದಲು ವೈದ್ಯರಲ್ಲಿ ಬೇರೆ ಬಗೆಯ ಕಬ್ಬಿಣದ ಮಾತ್ರೆ ಕೇಳಿರಿ. ಮಲ ಡಾಂಬರಿನಂತೆ ಅಂಟಾಗಿದ್ದರೆ, ಹೊಟ್ಟೆನೋವಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಅಂದೇ ವೈದ್ಯರಿಗೆ ತೋರಿಸಿ.

ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಅಂಕಿಯನ್ನೂ ನೋಡಿರಿ. ಅದು ಡೆಸಿಲೀಟರಿಗೆ 11 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಒಂದು ಮಾತ್ರೆ ದಿನಕ್ಕೆ ಸಾಕು. ಕಡಿಮೆಯಿದ್ದರೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಗರ್ಭಾವಸ್ಥೆಯಲ್ಲಿ 180 ದಿನ, ಹೆರಿಗೆಯ ನಂತರವೂ 180 ದಿನ ಇದು ಮುಂದುವರಿಯಬೇಕು.