ಟರ್ಬೊ ಹೋದರೆ ಕಾರನ್ನೇ ಗುಜರಿಗೆ ಹಾಕಬೇಕಾ?

ನಿಮ್ಮ ಹಳೇ ಡೀಸೆಲ್ ಕಾರಿನಲ್ಲಿ ನೀಲಿ ಹೊಗೆ, ಪಿಕಪ್ ಇಲ್ಲ, ಸೀಟಿ ಹೊಡೆದಂಥ ಸದ್ದು, ಆಯಿಲ್ ಇಳಿಯುತ್ತಿದೆ, ಗುಜರಿಗೆ ಹಾಕಬೇಕಾ ಅಂತ ಕೇಳಿದ್ದೀರಿ. ಇದು ಬಹುತೇಕ ಟರ್ಬೊ (ಎಂಜಿನ್ ಒಳಗೆ ಹೆಚ್ಚು ಗಾಳಿ ತಳ್ಳುವ ಫ್ಯಾನ್) ಬೇರಿಂಗ್ ಸವೆದ ಲಕ್ಷಣ. ಬಿಚ್ಚಿ ನೋಡದೆ ಖಾತ್ರಿಯಾಗಿ ಹೇಳೋಕಾಗಲ್ಲ.

ಮೊದಲು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಭಾಗ) ಹೋಸ್‌ಗಳನ್ನು ನೋಡಿ. ಬಿರುಕು ಬಿಟ್ಟಿದ್ದರೂ ಪಿಕಪ್ ಹೋಗುತ್ತದೆ, ಆದರೆ ಆಗ ಹೊಗೆ ಸಾಮಾನ್ಯವಾಗಿ ಕಪ್ಪಗಿರುತ್ತದೆ. ಆಮೇಲೆ ಎಂಜಿನ್ ಪೂರ್ತಿ ತಣ್ಣಗಾದಾಗ ಏರ್ ಫಿಲ್ಟರ್‌ನಿಂದ ಟರ್ಬೊಗೆ ಬರುವ ಪೈಪ್ ಬಿಚ್ಚಿ, ಒಳಗಿನ ಫ್ಯಾನಿನ ನಡುವಿನ ನಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ತುಸು ಆಟ ಇದ್ದೇ ಇರುತ್ತದೆ. ಹಿಂದೆ ಮುಂದೆ ಆಡಿದರೆ, ಅಥವಾ ರೆಕ್ಕೆಗಳು ಗೋಡೆಗೆ ಉಜ್ಜಿದ ಗೀರು ಕಂಡರೆ ಬೇರಿಂಗ್ ಹೋಗಿದೆ. ಹಾಗಿದ್ದರೆ ಓಡಿಸಲೇಬೇಡಿ. ಡೀಸೆಲ್ ಎಂಜಿನ್ ಆ ಸೋರಿದ ಆಯಿಲನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ತಾನೇ ರೇಸ್ ಆಗಬಹುದು.

ದುಡ್ಡು ಹಾಕುವ ಮುಂಚೆ ಕಂಪ್ರೆಷನ್ ಟೆಸ್ಟ್ (ಎಂಜಿನ್ ಸಿಲಿಂಡರ್‌ಗಳ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಕಡಿಮೆ ಬಂದರೆ ಎಂಜಿನ್ನೇ ಸವೆದಿದೆ, ಆಗ ಗುಜರಿ ಮಾತು ಸರಿ ಇರಬಹುದು. ಚೆನ್ನಾಗಿದ್ದರೆ ಪೂರ್ತಿ ಹೊಸ ಟರ್ಬೊ ಯಾಕೆ? ಹೌಸಿಂಗ್ (ಹೊರ ಕವಚ) ಒಡೆದಿಲ್ಲ, ಆಳವಾಗಿ ಗೀರಿಲ್ಲ ಅಂದರೆ ನಡುವಿನ ಕಾರ್ಟ್ರಿಜ್ (ಬೇರಿಂಗ್, ಫ್ಯಾನ್ ಇರುವ ಒಳಭಾಗ) ಬದಲಿಸಿದರೆ ಸಾಮಾನ್ಯವಾಗಿ ಸಾಕು. ಅದು ಅಲುಗದೆ ಸಮವಾಗಿ ತಿರುಗುತ್ತದೆ ಅಂತ ತೋರಿಸುವ ಬ್ಯಾಲೆನ್ಸಿಂಗ್ ರಿಪೋರ್ಟ್ ಕೇಳಿ ಪಡೆಯಿರಿ.

ಟರ್ಬೊಗೆ ಹೋಗುವ ಆಯಿಲ್ ಪೈಪನ್ನು ಮಾತ್ರ ಹೊಸದೇ ಹಾಕಿಸಿ. ಕೆಲವು ಮೆಕ್ಯಾನಿಕ್‌ಗಳು ಸುಮ್ನೆ ಒರೆಸಿ ಹಳೆಯದನ್ನೇ ಕೂರಿಸುತ್ತಾರೆ. ಒಳಗೆ ಕರಿ ಕಟ್ಟಿದ್ದರೆ ಹೊಸ ಬೇರಿಂಗೂ ಬೇಗ ಹೋಗುತ್ತದೆ. ಇಂಟರ್‌ಕೂಲರ್ ತೊಳೆಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಸ್ಟಾರ್ಟ್ ಮಾಡುವ ಮುಂಚೆ ಮೆಕ್ಯಾನಿಕ್ ಟರ್ಬೊದ ಆಯಿಲ್ ತೂತಿಗೆ ಹೊಸ ಆಯಿಲ್ ಬಿಟ್ಟು ಫ್ಯಾನನ್ನು ಕೈಯಲ್ಲಿ ತಿರುಗಿಸಲಿ. ಮೊದಲ ಕೆಲವು ನಿಮಿಷ ಆಕ್ಸಿಲರೇಟರ್ ಮುಟ್ಟಬೇಡಿ.