ತಿಂಗಳು ತುಂಬದ ಮಗು ಮನೆಗೆ ಬಂದ ಮೇಲೆ ಯಾರ ಮಾತು ಕೇಳಬೇಕು?

32 ವಾರಕ್ಕೆ ಹುಟ್ಟಿದ ಮಗುವನ್ನು ಮಂಗಳೂರಿನಿಂದ ಬದಿಯಡ್ಕದ ಮನೆಗೆ ತರುತ್ತಿದ್ದೀರಿ. ಡಾಕ್ಟರ್ ಒಂದು ಹೇಳಿದ್ದಾರೆ, ಮನೆಯ ಹಿರಿಯರು ಇನ್ನೊಂದು ಹೇಳುತ್ತಾರೆ, ಏನು ಮಾಡುವುದು ಅಂತ ಕೇಳಿದ್ದೀರಿ. ನಮ್ಮದೂ ಕೇರಳದ ಕಾಸರಗೋಡು ಜಿಲ್ಲೆಯೇ, ಪೆರ್ಲದ ಹತ್ತಿರ. ನಮ್ಮ ಮಗಳೂ ಹೆಚ್ಚುಕಡಿಮೆ ಅಷ್ಟೇ ವಾರಕ್ಕೆ ಹುಟ್ಟಿದವಳು. ಮನೆಗೆ ಬರುವಾಗ ಎರಡು ಕಿಲೋ ಕೂಡ ಇರಲಿಲ್ಲ. ಈಗ ಅಂಗನವಾಡಿಯಲ್ಲಿ ಪಕ್ಕದ ಮಕ್ಕಳ ತಿಂಡಿಗೂ ಕೈ ಹಾಕುತ್ತಾಳೆ.

ನನ್ನ ಪ್ರಕಾರ ಮಗುವಿನ ಬಿಸಿ, ಹಾಲು, ಕಣ್ಣಿನ ಪರೀಕ್ಷೆ, ಬಂದುಹೋಗುವ ಜನ, ಇಷ್ಟರಲ್ಲಿ ಡಾಕ್ಟರ್ ಹೇಳಿದ್ದೇ ನಡೆಯಬೇಕು. ಬಾಕಿ ವಿಷಯದಲ್ಲಿ ಹಿರಿಯರ ಜೊತೆ ಜಗಳ ಆಡಿ ಶಕ್ತಿ ಕಳೆದುಕೊಳ್ಳಬೇಡಿ. ನಿದ್ದೆ ಇಲ್ಲದ ಮನೆಯಲ್ಲಿ ಜಗಳ ಬೇಗ ಹತ್ತಿಕೊಳ್ಳುತ್ತದೆ.

ಮೊದಲು ಬಿಸಿ. ಆಸ್ಪತ್ರೆಯಲ್ಲಿ ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಎದೆಗೆ ಒರಗಿಸಿಕೊಂಡು ಬೆಚ್ಚಗಿಡುವುದು, ಹೇಳಿಕೊಟ್ಟಿರುತ್ತಾರೆ ಅಲ್ವಾ, ಅದನ್ನು ಮನೆಯಲ್ಲಿ ಬಿಡಬೇಡಿ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯೊಂದರಲ್ಲಿ ಶುರುವಾದ ಕ್ರಮ ಅದು. ಈಗ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಆಗುತ್ತದೋ ಅಷ್ಟು ಹೊತ್ತು ಮಾಡಿ ಅನ್ನುತ್ತದೆ. ಅಮ್ಮ ಒಬ್ಬಳಿಂದಲೇ ಅಷ್ಟು ಆಗುವ ಕೆಲಸ ಅಲ್ಲ. ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು. ನಾನು ಅಂಗಿ ತೆಗೆದು ಆರಾಮ ಕುರ್ಚಿಯಲ್ಲಿ ಒರಗಿ ಕೂರುತ್ತಿದ್ದೆ. ಮಗುವಿಗೆ ಟೋಪಿ, ಸಾಕ್ಸ್, ಡಯಾಪರ್ ಮಾತ್ರ. ಎದೆಗೆ ನೆಟ್ಟಗೆ ಒರಗಿಸಿ, ತಲೆ ಒಂದು ಬದಿಗೆ ತಿರುಗಿಸಿ, ಮೂಗು ಕಾಣುವ ಹಾಗೆ, ಕುತ್ತಿಗೆ ಮುಂದಕ್ಕೆ ಬಾಗದ ಹಾಗೆ ನೋಡಿಕೊಂಡು ಮೇಲಿಂದ ಹಳೇ ಪಂಚೆ ಸುತ್ತಿ ಕಟ್ಟುವುದು. ಅಡಿಕೆ ಕೇಳಲು ಬಂದವರು ಜಗಲಿಯಲ್ಲಿ ನನ್ನನ್ನು ಆ ವೇಷದಲ್ಲಿ ನೋಡಿ ನಕ್ಕರು. ನಗಲಿ ಬಿಡಿ.

ಬಿಸಿ ಸಾಕಾ ಅಂತ ನೋಡಲು ಕೈ ಸಾಕು. ಹೊಟ್ಟೆ, ಪಾದ ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗುವಿಗೆ ಚಳಿ, ಕೂಡಲೇ ಎದೆಗೆ ಹಾಕಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ. ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಹಸಿ ಬಟ್ಟೆ ಬೇಡ ಅಂತ ಬಚ್ಚಲಿನ ಒಲೆ ಹತ್ತಿರ ಹಗ್ಗ ಕಟ್ಟಿದ್ದೆವು. ಆದರೆ ಮಗು ಇರುವ ಕೋಣೆಗೆ ಹೊಗೆ ಬೇಡ, ಸಾಂಬ್ರಾಣಿಯೂ ಬೇಡ.

ಸ್ನಾನದ ವಿಷಯದಲ್ಲಿ ನಮ್ಮ ಅಮ್ಮನಿಗೆ ಬೇಸರವೇ ಆಯಿತು. ಹಂಡೆ ನೀರು, ಎಣ್ಣೆ, ಬಿಸಿಬಿಸಿ ಸ್ನಾನ ಇಲ್ಲದೆ ಬಾಣಂತನ ಏನು ಅಂತ. ಎರಡೂವರೆ ಕಿಲೋ ಆಗುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂದಿದ್ದರು ನಮ್ಮ ಡಾಕ್ಟರ್. ತೆಂಗಿನೆಣ್ಣೆ ತೆಳುವಾಗಿ ಹಚ್ಚಬಹುದಾ ಅಂತ ಕೇಳಿದೆ, ಒಪ್ಪಿದರು. ಮೂಗು, ಕಿವಿಗೆ ಬಿಡಬಾರದು ಅಷ್ಟೇ. ಆ ಕೆಲಸ ಅಮ್ಮನಿಗೇ ಕೊಟ್ಟೆವು. ಅಲ್ಲಿಗೆ ಅರ್ಧ ತಕರಾರು ಮುಗಿಯಿತು.

ಜೇನು, ಬಜೆ, ಸಕ್ಕರೆ ನೀರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ನಿಲ್ಲಿ. ಜೇನು ಒಂದು ವರ್ಷದವರೆಗೆ ಯಾವ ಮಗುವಿಗೂ ಕೂಡದು. ಹಾಲಿಗೆ ಈ ಮಕ್ಕಳು ತಾವಾಗಿ ಏಳುವುದು ಕಡಿಮೆ, ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಬೇಕು. ಎಳೆಯಲು ಸುಸ್ತಾದರೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಕೊಡಿ, ಪ್ರತಿ ಸಲ ಒಳಲೆ ಕುದಿಸಿ. ಬಾಟಲಿ ಬೇಡ. ಕಬ್ಬಿಣದ ಡ್ರಾಪ್ಸ್ ಶುರುವಾದ ಮೇಲೆ ಕಕ್ಕ ಕಪ್ಪಾಗುತ್ತದೆ. ಅಜ್ಜಿಗೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಬೆಳಿಗ್ಗೆ ಬೆಳಿಗ್ಗೆ ಗಾಬರಿ.

ನೆಂಟರಿಗೆ "ಡಾಕ್ಟರ್ ಬೇಡ ಅಂದಿದ್ದಾರೆ" ಅನ್ನಿ. ನೀವೇ ಬೇಡ ಅಂದರೆ ಕೋಪ, ಡಾಕ್ಟರ್ ಅಂದರೆ ಕೋಪ ಇಲ್ಲ. ಶೀತ ಕೆಮ್ಮು ಇದ್ದವರು ನಮ್ಮ ಅಣ್ಣನೇ ಆದರೂ ಅಂಗಳದಿಂದಲೇ ವಾಪಸ್.

ಕಣ್ಣಿನ ಪರೀಕ್ಷೆ ಮಾತ್ರ ಯಾವ ಕಾರಣಕ್ಕೂ ಮುಂದೆ ಹಾಕಬೇಡಿ. ಇಷ್ಟು ಬೇಗ ಹುಟ್ಟಿದ ಮಕ್ಕಳ ರೆಟಿನಾದ, ಅಂದರೆ ಕಣ್ಣಿನ ಒಳಗಿನ ಪರದೆಯ, ರಕ್ತನಾಳ ಪೂರ್ತಿ ಬೆಳೆದಿರುವುದಿಲ್ಲ. ತಪ್ಪಾಗಿ ಬೆಳೆದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಕಣ್ಣು ಚೆನ್ನಾಗಿಯೇ ಕಾಣುತ್ತದೆ. 34 ವಾರಕ್ಕಿಂತ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ಹುಟ್ಟಿದ ಮಕ್ಕಳಿಗೆ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ ಆಗಬೇಕು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಡಾಕ್ಟರ್ ಸಾಕು ಅನ್ನುವವರೆಗೆ ಹೋಗುತ್ತಿರಬೇಕು. ನಾವು ಮಂಗಳೂರಿಗೆ ಹೋಗುವಾಗ ಹೈವೇ ಕೆಲಸ ನಡೆಯುತ್ತಿತ್ತು, ಗಡಿಯ ತಲಪಾಡಿ ದಾಟುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಆದರೂ ಹೋದೆವು. ಕಿವಿ ಪರೀಕ್ಷೆ ಆಗಿದೆಯಾ ಅಂತಲೂ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳಿ.

ವಯಸ್ಸಿಗೆ ಎರಡು ಲೆಕ್ಕ. ಚುಚ್ಚುಮದ್ದು ಹುಟ್ಟಿದ ದಿನದಿಂದ. ಕವುಚುವುದು, ಕೂರುವುದು ಇತ್ಯಾದಿ ಡಾಕ್ಟರ್ ಕೊಟ್ಟಿದ್ದ ಹೆರಿಗೆ ತಾರೀಕಿನಿಂದ. ನಿಮ್ಮ ಮಗುವಿಗೆ ಆರು ತಿಂಗಳು ಅಂದಾಗ ಬೆಳವಣಿಗೆಯ ಲೆಕ್ಕಕ್ಕೆ ನಾಲ್ಕೇ. "ಇನ್ನೂ ಕೂರುವುದಿಲ್ವಾ, ನೇಂದ್ರಕಾಯಿ ಮಣ್ಣಿ ಕೊಡಿ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಸುಮ್ನೆ ಹೂಂ ಅನ್ನಿ, ಮಣ್ಣಿಯಂಥ ಮೇಲಿನ ಆಹಾರ ಯಾವಾಗಿಂದ ಅಂತ ಮಗುವಿನ ಡಾಕ್ಟರನ್ನೇ ಕೇಳಿ. ನಮ್ಮ ಚುಚ್ಚುಮದ್ದಿನ ಕಾರ್ಡು ಮಲಯಾಳದಲ್ಲಿತ್ತು, ಓದಲು ಬರದೆ ಆಶಾ ಅಕ್ಕನ ಹತ್ತಿರ ಕೂತು ತಾರೀಕುಗಳನ್ನು ಕನ್ನಡದಲ್ಲಿ ಬರೆಸಿಕೊಂಡಿದ್ದೆ.

ರಾತ್ರಿ ಉಸಿರು ನೋಡುತ್ತಾ ಕೂರುತ್ತೀರಿ, ಗೊತ್ತು. ಐದು ಹತ್ತು ಸೆಕೆಂಡು ನಿಂತು ಆಮೇಲೆ ಬೇಗ ಬೇಗ ಉಸಿರಾಡುವುದು ಈ ಮಕ್ಕಳಲ್ಲಿ ಸಾಮಾನ್ಯ. 20 ಸೆಕೆಂಡು ನಿಂತರೆ, ತುಟಿ ನೀಲಿಯಾದರೆ, ಪಕ್ಕೆ ಒಳಗೆ ಎಳೆದರೆ, ಹಾಲು ಬಿಟ್ಟರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬಾರದು. ಹತ್ತಿರದ ಒಬ್ಬ ಕಾರಿನವರಿಗೆ ಈಗಲೇ ಹೇಳಿಟ್ಟಿರಿ, ರಾತ್ರಿ ಎರಡಕ್ಕೆ ಕರೆದರೂ ಫೋನ್ ಎತ್ತುವವರಾಗಿರಬೇಕು.