ಸ್ವಯಂಚಾಲಿತ ಟ್ರಿಮ್ ಮತ್ತು ತಪ್ಪುವ ಗುರಿ

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ ವಿಮಾನಗಳಿರುವ ಯುದ್ಧ ಸಿಮ್ಯುಲೇಟರ್‌ನಲ್ಲಿ ಸ್ವಯಂಚಾಲಿತ ಟ್ರಿಮ್, ಅಂದರೆ ಸ್ಟಿಕ್ಕನ್ನು ಒತ್ತಿ ಹಿಡಿಯದೆಯೂ ವಿಮಾನ ಸಮತೋಲನದಲ್ಲಿ ಹಾರುವಂತೆ ತಾನೇ ಹೊಂದಿಸುವ ಸೌಲಭ್ಯವನ್ನು, ಸದಾ ಚಾಲನೆಯಲ್ಲಿಟ್ಟೇ ಹಾರುತ್ತೇನೆ. ನೇರ ಹಾರಾಟದಲ್ಲಿ ಯಾವ ತೊಂದರೆಯೂ ಇಲ್ಲ. ಆದರೆ ಎದುರಾಳಿಯನ್ನು ಬೆನ್ನಟ್ಟಿ ಗುರಿಯಿಡುವ ಹೊತ್ತಿಗೆ ವಿಮಾನದ ಮೂತಿ ತಾನಾಗಿಯೇ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಈ ಸೌಲಭ್ಯವನ್ನು ಬಿಟ್ಟುಬಿಡಬೇಕೇ?

ಉತ್ತರ: ಪೂರ್ತಿಯಾಗಿ ಬಿಡಬೇಕಾಗಿಲ್ಲ, ಆದರೆ ಕಾಳಗಕ್ಕಿಳಿಯುವ ಮೊದಲು ಅದನ್ನು ನಿಲ್ಲಿಸಲೇಬೇಕು. ಟ್ರಿಮ್ ಎಂಬುದು ವಿಮಾನಕ್ಕೆ ಒಮ್ಮೆ ಮಾಡಿ ಮುಗಿಸುವ ಹೊಂದಾಣಿಕೆಯಲ್ಲ. ಅದು ಆ ಕ್ಷಣದ ವೇಗಕ್ಕೂ ಎಂಜಿನ್ನಿನ ಶಕ್ತಿಗೂ ಸಂಬಂಧಪಟ್ಟದ್ದು. ಗಂಟೆಗೆ 350 ಕಿಲೋಮೀಟರ್ ವೇಗಕ್ಕೆ ಹೊಂದಿಸಿದ ವಿಮಾನವು ಇಳಿಜಾರಿನಲ್ಲಿ 500ನ್ನು ಮುಟ್ಟಿದಾಗ ಸಾಮಾನ್ಯವಾಗಿ ಮೂತಿ ಎತ್ತುತ್ತದೆ, ಮೇಲೇರುತ್ತ 250ಕ್ಕೆ ಕುಸಿದಾಗ ಮೂತಿ ತಗ್ಗಿಸುತ್ತದೆ. ಸ್ವಯಂಚಾಲಿತ ವ್ಯವಸ್ಥೆ ಈ ಬದಲಾವಣೆಯನ್ನು ಗಮನಿಸಿ ನಿಧಾನವಾಗಿ ಸರಿಪಡಿಸುತ್ತ ಹೋಗುತ್ತದೆ. ಕಾಳಗದಲ್ಲಾದರೋ ವೇಗವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅದರ ತಿದ್ದುಪಡಿ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ನಿಮ್ಮ ಜಾಯ್‌ಸ್ಟಿಕ್‌ನಲ್ಲಿದೆ. ನಿಜವಾದ ವಿಮಾನದಲ್ಲಿ ಟ್ರಿಮ್ ತಿರುಗಿಸಿದಾಗ ಕೈಯ ಮೇಲಿನ ಒತ್ತಡ ಇಳಿಯುತ್ತದೆ ಮತ್ತು ಸ್ಟಿಕ್ ತಾನೇ ಹೊಸದೊಂದು ಸ್ಥಾನದಲ್ಲಿ ನೆಲೆಗೊಳ್ಳುತ್ತದೆ; ಪೈಲಟ್‌ಗೆ ಆ ಬದಲಾವಣೆ ಅಂಗೈಯಲ್ಲೇ ತಿಳಿಯುತ್ತದೆ. ಸ್ಪ್ರಿಂಗ್ ಇರುವ ಜಾಯ್‌ಸ್ಟಿಕ್‌ನ ನಡುಬಿಂದು ಮಾತ್ರ ಕದಲುವುದಿಲ್ಲ. ಹೀಗಾಗಿ ನೀವು ಗುರಿಯನ್ನು ಗನ್‌ಸೈಟ್‌ನ ವೃತ್ತದಲ್ಲಿ ಹಿಡಿದು ಕೈಯನ್ನು ಅಲುಗಿಸದೆ ಇಟ್ಟಿದ್ದರೂ, ಒಳಗೆ ಟ್ರಿಮ್ ಸರಿದಂತೆಲ್ಲ ಅದೇ ಕೈಯ ಸ್ಥಾನಕ್ಕೆ ಎಲಿವೇಟರ್ (ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿ) ಬೇರೆ ಕೋನದಲ್ಲಿ ನಿಲ್ಲುತ್ತದೆ. ನೀವು ತಿದ್ದುತ್ತೀರಿ, ಅದೂ ತಿದ್ದುತ್ತದೆ, ಮೂತಿ ತೂಗಾಡತೊಡಗುತ್ತದೆ. ಇದನ್ನು ಕೈಚಳಕದ ಕೊರತೆಯೆಂದು ಭಾವಿಸಿ ಬೇಸರಪಡುವವರನ್ನು ಕಂಡಾಗ ನನಗೆ ನಿಜಕ್ಕೂ ಮರುಕವಾಗುತ್ತದೆ.

ಆದ್ದರಿಂದ ಗಸ್ತು ಹಾರಾಟದಲ್ಲಿ ಆ ಸೌಲಭ್ಯವನ್ನು ಧಾರಾಳವಾಗಿ ಬಳಸಿಕೊಳ್ಳಿ. ಎದುರಾಳಿ ಕಣ್ಣಿಗೆ ಬಿದ್ದೊಡನೆ ಅದನ್ನು ನಿಲ್ಲಿಸಿ, ನೀವು ಹೆಚ್ಚಾಗಿ ಕಾದಾಡುವ ವೇಗಕ್ಕೆ ಎಲಿವೇಟರ್ ಟ್ರಿಮ್ ಅನ್ನು ಕೈಯಿಂದಲೇ ಹೊಂದಿಸಿ, ಅಲ್ಲಿಗೇ ಬಿಟ್ಟುಬಿಡಿ. ಮೂತಿ ಕೂದಲೆಳೆಯಷ್ಟು ಭಾರವಾಗಿರುವಂತೆ ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಉತ್ತಮ, ಏಕೆಂದರೆ ಸ್ಟಿಕ್ಕನ್ನು ಮೆಲ್ಲಗೆ ಎಳೆದು ಹಿಡಿಯುವುದರಲ್ಲಿ ಇರುವ ನಯ ಅದನ್ನು ಮುಂದಕ್ಕೆ ತಳ್ಳುವುದರಲ್ಲಿ ಸಿಗುವುದಿಲ್ಲ. ನಿಧಾನಗತಿಯ ಏರಿಕೆಯಲ್ಲಿ ಮೂತಿ ಎತ್ತುವ ಕಡೆಗೆ ಸೇರಿಕೊಂಡ ಟ್ರಿಮ್‌ನೊಂದಿಗೆ ನೇರ ಡೈವ್‌ಗೆ ಹೋಗಬೇಡಿ. ವೇಗ ಹೆಚ್ಚಿದಾಗ ಅದು ವಿಮಾನವನ್ನು ಥಟ್ಟನೆ ಮೇಲಕ್ಕೆಳೆದು ರೆಕ್ಕೆ ಮುರಿಯುವಷ್ಟು ಹೊರೆ ಹೊರಿಸಬಲ್ಲದು.

ಯಾವ ವಿಮಾನದಲ್ಲಿ ಯಾವ ಟ್ರಿಮ್ ಇತ್ತೆಂಬುದನ್ನೂ ಅರಿತಿರಬೇಕು. ಪಿ-51 ಮಸ್ಟಾಂಗ್‌ನಲ್ಲಿ ಎಲಿವೇಟರ್, ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ), ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಮೂರಕ್ಕೂ ಕಾಕ್‌ಪಿಟ್‌ನಿಂದಲೇ ಟ್ರಿಮ್ ಮಾಡಬಹುದಿತ್ತು. ಸ್ಪಿಟ್‌ಫೈರ್‌ನಲ್ಲಿ ಎಲಿವೇಟರ್ ಮತ್ತು ರಡ್ಡರ್‌ಗೆ ಮಾತ್ರ ಆ ಅನುಕೂಲವಿತ್ತು. ಮೆಸೆರ್‌ಷ್ಮಿಟ್ ಬಿಎಫ್ 109ರ ಪೈಲಟ್ ತನ್ನ ಎಡಗಡೆಯ ಚಕ್ರ ತಿರುಗಿಸಿ ಬಾಲದ ಅಡ್ಡರೆಕ್ಕೆಯ ಕೋನವನ್ನೇ ಬದಲಿಸುತ್ತಿದ್ದ. ರಡ್ಡರ್‌ಗೆ ಹಾರಾಟದಲ್ಲಿ ಹೊಂದಿಸುವ ಟ್ರಿಮ್ ಇರಲಿಲ್ಲವಾದ್ದರಿಂದ ವಿಮಾನ ಪಕ್ಕಕ್ಕೆ ಜಾರದಂತೆ ಕಾಲಿನಿಂದ ಪೆಡಲ್ ಒತ್ತಿ ಹಿಡಿಯಬೇಕಾಗುತ್ತಿತ್ತು. ಸಿಮ್ಯುಲೇಟರ್‌ನ ಸ್ವಯಂಚಾಲಿತ ವ್ಯವಸ್ಥೆ ಆ ಕೆಲಸವನ್ನೂ ತಾನೇ ಮಾಡಿದರೆ ನೀವು 109ರ ನಿಜವಾದ ಗುಣವನ್ನೇ ಕಳೆದುಕೊಳ್ಳುತ್ತೀರಿ, ನನಗೆ ಅದು ದೊಡ್ಡ ನಷ್ಟವಾಗಿಯೇ ಕಾಣುತ್ತದೆ.

ಪ್ರಶ್ನೆ: ಡಿಸಿಎಸ್ ಎಂಬ ಸಿಮ್ಯುಲೇಟರ್‌ನಲ್ಲಿರುವ ಎಫ್/ಎ-18ಸಿ ಹಾರ್ನೆಟ್ ಜೆಟ್ ಯುದ್ಧವಿಮಾನಕ್ಕೆ ಟ್ರಿಮ್ ಬೇಕೆಂದೇ ಅನ್ನಿಸುವುದಿಲ್ಲ. ಆದರೆ ಇಳಿಯಲು ಫ್ಲ್ಯಾಪ್ (ರೆಕ್ಕೆಯಂಚಿನ ಮಡಚುವ ಪಟ್ಟಿ) ಬಿಟ್ಟಾಗ ಅದರ ವರ್ತನೆ ಬದಲಾಗುವುದೇಕೆ?

ಉತ್ತರ: ಫ್ಲ್ಯಾಪ್ ಸ್ವಿಚ್ ಆಟೋ ಸ್ಥಾನದಲ್ಲಿರುವಾಗ ಹಾರ್ನೆಟ್‌ನ ಕಂಪ್ಯೂಟರ್ ವೇಗ ಬದಲಾದರೂ ಒಂದು ಜಿ ಹಾರಾಟಕ್ಕೆ, ಅಂದರೆ ತನ್ನ ತೂಕದಷ್ಟೇ ಹೊರೆ ಹೊರುವ ಹಾರಾಟಕ್ಕೆ, ತಾನೇ ಹೊಂದಿಸಿಕೊಳ್ಳುತ್ತದೆ. ಇದು ಆಟಗಾರನಿಗೆ ನೀಡಿದ ರಿಯಾಯಿತಿಯಲ್ಲ, ನಿಜವಾದ ವಿಮಾನದ ಸ್ವಭಾವವೇ ಹೀಗೆ. ಸ್ವಿಚ್ಚನ್ನು ಹಾಫ್ ಅಥವಾ ಫುಲ್‌ಗೆ ತಂದು ಇಳಿಯುವ ವೇಗಕ್ಕೆ ಬಂದ ಮೇಲೆ ಅದು ಗಾಳಿಗೆ ರೆಕ್ಕೆ ಒಡ್ಡುವ ಕೋನವನ್ನು, ಅಂದರೆ ಆಂಗಲ್ ಆಫ್ ಅಟ್ಯಾಕ್ ಅನ್ನು, ಕಾಯ್ದುಕೊಳ್ಳತೊಡಗುತ್ತದೆ. ಆಗ ಟ್ರಿಮ್ ಗುಂಡಿಯಿಂದ ಆ ಕೋನವನ್ನು ಸುಮಾರು 8.1 ಡಿಗ್ರಿಗೆ ತಂದು ನಿಲ್ಲಿಸಿ, ಮುಂದೆ ಇಳಿಯುವ ದಾರಿಯನ್ನು ಹೆಚ್ಚಾಗಿ ಥ್ರಾಟಲ್‌ನಿಂದಲೇ ನಿಯಂತ್ರಿಸಬೇಕು.